ಥಾಯ್ಲೆಂಡ್‌ನಲ್ಲಿ ಮದುವೆ ಆಧಾರದ ಎಕ್ಸ್‌ಟೆನ್ಶನ್: ಮೂರು ತಿಂಗಳ ಲೆಕ್ಕ ತಪ್ಪಿದೆ, ಪೆನ್ಷನ್ ತೋರಿಸಿದರೆ ನಡೆಯುತ್ತದಾ?

ತುಂಗಾತೀರದವ, ಮೇ 3

ಎಲ್ಲರಿಗೂ ನಮಸ್ಕಾರ. ನನಗೆ 64 ವರ್ಷ. ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಮೊದಲ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಮೂರು ವರ್ಷದ ಹಿಂದೆ ಇಲ್ಲಿಯ ಒಬ್ಬರನ್ನು ಮದುವೆಯಾದೆ. ಈಸಾನ್ ಕಡೆ, ಅಂದರೆ ಥಾಯ್ಲೆಂಡ್‌ನ ಈಶಾನ್ಯ ಭಾಗದಲ್ಲಿ, ಒಂದು ಸಣ್ಣ ಊರಿನಲ್ಲಿದ್ದೇವೆ. ನಾನು, ಹೆಂಡತಿ, ಅವಳ ತಾಯಿ. ಅತ್ತೆಗೆ 81.

ನಾನ್ ಇಮಿಗ್ರಂಟ್ ಓ ವೀಸಾದಲ್ಲಿ ಬಂದು, ಮದುವೆಯ ಆಧಾರದ ಮೇಲೆ ಇಲ್ಲಿ ಇರುವ ಅನುಮತಿಗೆ ವರ್ಷ ವರ್ಷ ಎಕ್ಸ್‌ಟೆನ್ಶನ್ ಮಾಡಿಸುತ್ತಿದ್ದೇನೆ. ಹಿಂದಿನ ಎರಡು ಸಲ 4 ಲಕ್ಷ ಬಾತ್ ಬ್ಯಾಂಕಿನಲ್ಲಿಟ್ಟು ತೋರಿಸಿದ್ದೆ. ಆ ದುಡ್ಡು ಈಗ ಇಲ್ಲ. ಹೋದ ವರ್ಷ ಮಳೆಗಾಲಕ್ಕೆ ಮೊದಲು ಮನೆಯ ಚಾವಣಿ ಪೂರ್ತಿ ಬದಲಿಸಿದೆವು. ಅತ್ತೆಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಕೆಳಗೆ ಒಂದು ಕೋಣೆ, ಬಚ್ಚಲುಮನೆ ಕಟ್ಟಿಸಿದೆವು. ಹಾಗಾಗಿ ಈ ಸಲ ತಿಂಗಳಿಗೆ 40,000 ಬಾತ್ ಆದಾಯ ತೋರಿಸುವ ದಾರಿ ಹಿಡಿಯೋಣ ಅಂದುಕೊಂಡೆ. ಆಗಸ್ಟ್‌ನಿಂದ ತಿಂಗಳ ಮೊದಲ ವಾರ ತಪ್ಪದೆ, ಪೆನ್ಷನ್ ಬರುವ ಊರಿನ ಎನ್‌ಆರ್‌ಓ ಖಾತೆಯಿಂದ ಇಲ್ಲಿಯ ನನ್ನ ಖಾತೆಗೆ ಕಳಿಸುತ್ತಾ ಬಂದೆ. 1,10,000 ರೂಪಾಯಿ ಕಳಿಸಿದರೆ ಮೊದಮೊದಲು ನಲವತ್ತು ಸಾವಿರದ ಮೇಲೆ ಐನೂರೋ ಆರುನೂರೋ ಬಾತ್ ಬರುತ್ತಿತ್ತು.

ಎಡವಟ್ಟಾಗಿದ್ದು ನವೆಂಬರ್‌ನಲ್ಲಿ. ಅತ್ತೆ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂರು ವಾರ ಆಸ್ಪತ್ರೆಯಲ್ಲೇ ಇದ್ದೆವು. ಆ ಗಡಿಬಿಡಿಯಲ್ಲಿ ನಾನು ಲೈಫ್ ಸರ್ಟಿಫಿಕೇಟ್, ಅಂದರೆ ಪೆನ್ಷನ್‌ಗೆ ವರ್ಷಕ್ಕೊಮ್ಮೆ ಕೊಡಬೇಕಾದ ಬದುಕಿದ್ದೇನೆ ಅನ್ನುವ ಪತ್ರ, ಕೊಡಲಿಲ್ಲ. ಡಿಸೆಂಬರ್, ಜನವರಿ ಎರಡೂ ತಿಂಗಳು ಪೆನ್ಷನ್ ನಿಂತುಹೋಯಿತು. ಸಿಂಗಪುರದಲ್ಲಿರುವ ಮಗಳು ಆ ಎರಡು ತಿಂಗಳು ಒಂದು ಆ್ಯಪ್‌ನಲ್ಲಿ ನನ್ನ ಖಾತೆಗೆ 41,000 ಬಾತ್ ಹಾಕಿದಳು. ಮೊನ್ನೆ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಆ ಎರಡೂ ಥಾಯ್ಲೆಂಡ್ ಒಳಗಿನ ವರ್ಗಾವಣೆ ಅಂತ ಬಂದಿದೆ. ಉಳಿದ ತಿಂಗಳುಗಳಿಗೆ ವಿದೇಶದಿಂದ ಬಂದ ಹಣದ ಕೋಡ್ ಇದೆ.

ಫೆಬ್ರವರಿಯಲ್ಲಿ ಬಾಕಿ ಪೆನ್ಷನ್ ಒಟ್ಟಿಗೆ ಬಂತು. ಎಲ್ಲ ಸೇರಿಸಿ 1,18,000 ಬಾತ್ ಕಳಿಸಿದೆ. ಮಾರ್ಚ್‌ನಲ್ಲಿ ಮತ್ತೆ ಮಾಮೂಲಿ 1,10,000 ರೂಪಾಯಿ ಕಳಿಸಿದೆ. ರೂಪಾಯಿ ಇಳಿದಿತ್ತು, ನಾನು ಗಮನಿಸಲಿಲ್ಲ. ಇಲ್ಲಿಗೆ ಬಂದಿದ್ದು 39,310 ಬಾತ್.

ನನ್ನ ಈಗಿನ ಅನುಮತಿ ಆಗಸ್ಟ್ 14ಕ್ಕೆ ಮುಗಿಯುತ್ತದೆ. ಕೇಳಬೇಕಾದ್ದು ಇಷ್ಟು. ಇಡೀ ವರ್ಷದ ಸರಾಸರಿ ತೆಗೆದರೆ 40,000ಕ್ಕಿಂತ ಜಾಸ್ತಿಯೇ ಇದೆ. ಅದನ್ನು ಒಪ್ಪುತ್ತಾರಾ? ಮಗಳು ಕಳಿಸಿದ್ದು ಲೆಕ್ಕಕ್ಕೆ ಬರುತ್ತದಾ? ಇಲ್ಲದಿದ್ದರೆ ಬ್ಯಾಂಕಿನಲ್ಲಿ ಒಂದೂವರೆ ಲಕ್ಷ ಬಾತ್ ಇದೆ. ಅದನ್ನೂ ಪೆನ್ಷನ್ನೂ ಕೂಡಿಸಿ ತೋರಿಸಬಹುದಾ? ಊರಿನಲ್ಲಿ 14 ಲಕ್ಷ ರೂಪಾಯಿಯ ಎಫ್‌ಡಿ ಒಂದಿದೆ. ಕಾಯಿಲೆ ಕಸಾಲೆಗೆ ಅಂತ ಇಟ್ಟಿದ್ದು. ಅದನ್ನು ಮುಟ್ಟಲು ಮನಸ್ಸಿಲ್ಲ.

ಪಕ್ಕದ ಊರಿನ ಒಬ್ಬರು ಏಜೆಂಟ್ ಹತ್ತಿರ ಹೋಗಿ ಅನ್ನುತ್ತಿದ್ದಾರೆ. ಎರಡು ತಿಂಗಳ ಮಟ್ಟಿಗೆ ಅವರೇ ನಮ್ಮ ಖಾತೆಗೆ ದುಡ್ಡು ಹಾಕಿ ತೋರಿಸುತ್ತಾರಂತೆ. ರಾತ್ರಿ ನಿದ್ದೆ ಬರುತ್ತಿಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ.

ನೊಂಥಬುರಿ ಕನ್ನಡಿಗ, ಮೇ 3

ಸರ್, ನಮಸ್ಕಾರ. ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಕೈಯಲ್ಲಿ ಮೂರು ತಿಂಗಳಿಗೂ ಜಾಸ್ತಿ ಸಮಯ ಇದೆ. ನಾನು ಮದುವೆ ಆಧಾರದ ಮೇಲೆ ಏಳು ಸಲ ಮಾಡಿಸಿದ್ದೇನೆ. ಎರಡು ಸಲ ಆದಾಯ ತೋರಿಸಿ, ಐದು ಸಲ ಠೇವಣಿ ತೋರಿಸಿ.

ಏಜೆಂಟ್ ವಿಷಯ ಇಲ್ಲಿಗೇ ಬಿಡಿ. ಬೇರೆಯವರ ದುಡ್ಡನ್ನು ನಿಮ್ಮದು ಅಂತ ತೋರಿಸಿದರೆ ಅದು ಸುಳ್ಳು ದಾಖಲೆ. ಸಹಿ ನಿಮ್ಮದು, ಪಾಸ್‌ಪೋರ್ಟ್ ನಿಮ್ಮದು. ಸಿಕ್ಕಿಬಿದ್ದರೆ ಈ ದೇಶ ಬಿಡಬೇಕಾದವರು ನೀವು, ಏಜೆಂಟ್ ಅಲ್ಲ. ಹೆಂಡತಿ, ಅತ್ತೆ ಇಲ್ಲೇ ಇರುವಾಗ ಅಂಥ ಅಪಾಯಕ್ಕೆ ಕೈ ಹಾಕಬೇಡಿ.

ಕೂಡಿಸಿ ತೋರಿಸುವ ದಾರಿ ನಮಗೆ ಇಲ್ಲ. ಅದು ನಿವೃತ್ತಿ ಆಧಾರದ ಎಕ್ಸ್‌ಟೆನ್ಶನ್‌ಗೆ ಮಾತ್ರ. ಅಲ್ಲಿ 50 ವರ್ಷ ದಾಟಿರಬೇಕು. 8 ಲಕ್ಷ ಠೇವಣಿ, ಇಲ್ಲವೇ ತಿಂಗಳಿಗೆ 65,000 ಆದಾಯ, ಇಲ್ಲವೇ ಎರಡೂ ಸೇರಿ ವರ್ಷಕ್ಕೆ 8 ಲಕ್ಷ. ಮದುವೆಯದರಲ್ಲಿ 4 ಲಕ್ಷ ಅಥವಾ ತಿಂಗಳಿಗೆ 40,000. ಎರಡರಲ್ಲಿ ಒಂದು ಪೂರ್ತಿ ಇರಬೇಕು.

ಸರಾಸರಿ ವಿಷಯ. ಇಮಿಗ್ರೇಶನ್ ಆದೇಶದಲ್ಲಿ ಸರಾಸರಿ ಅನ್ನುವ ಮಾತು ಇದೆ, ನಿಜ. ಆದರೆ ಕೌಂಟರ್‌ನಲ್ಲಿ ಕೂತವರು ತಿಂಗಳು ತಿಂಗಳು ಬೆರಳಿಟ್ಟು ನೋಡುತ್ತಾರೆ. ನನ್ನ ಎರಡನೇ ಸಲ ಒಂದು ತಿಂಗಳು 39,870 ಬಂದಿತ್ತು. ಬರೀ 130 ಬಾತ್ ಕಡಿಮೆ. ಆಫೀಸರ್ ಹೆಂಗಸು ಕೂಗಾಡಲಿಲ್ಲ. ಪೆನ್ಸಿಲ್‌ನಲ್ಲಿ ಆ ಸಾಲಿನ ಸುತ್ತ ಗೆರೆ ಎಳೆದು ಕಾಗದ ನನ್ನ ಕಡೆ ತಳ್ಳಿದರು. ಆ ವರ್ಷ ಓಡಾಡಿ ಠೇವಣಿ ಹೊಂದಿಸಿದೆ. ಅಲ್ಲಿಂದ ಮುಂದೆ ಆದಾಯದ ದಾರಿಗೆ ಹೋಗಿಲ್ಲ.

ಈ ಕಟ್ಟುನಿಟ್ಟು ಯಾಕೆ ಬಂತು ಅಂತ ಹೇಳುತ್ತೇನೆ. ಮೊದಲು ಎಷ್ಟೋ ದೇಶದವರು ತಮ್ಮ ರಾಯಭಾರ ಕಚೇರಿಯಿಂದ ಒಂದು ಆದಾಯ ಪತ್ರ ತಂದು ಕೊಡುತ್ತಿದ್ದರು. ಅದರಲ್ಲಿ ಬರೆದಿರುವುದು ನಿಜವೇ ಅಂತ ರಾಯಭಾರ ಕಚೇರಿಯೇ ಖಾತ್ರಿ ಮಾಡಬೇಕು ಅಂತ ಥಾಯ್ ಕಡೆಯವರು ಕೇಳಿದರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಕಚೇರಿಗಳು ನಮ್ಮಿಂದ ಆಗದು ಅಂತ 2019ರ ಜನವರಿಯಿಂದ ಪತ್ರ ಕೊಡುವುದನ್ನೇ ನಿಲ್ಲಿಸಿದವು. ಆಗ 12 ತಿಂಗಳು ವಿದೇಶದಿಂದ ಬಂದ ಹಣ ತೋರಿಸುವ ಈ ಪದ್ಧತಿ ಬಂತು. ಅಂದರೆ ಈಗ ಪತ್ರದ ಕೆಲಸವನ್ನು ಪಾಸ್‌ಬುಕ್ ಮಾಡಬೇಕು. ಪಾಸ್‌ಬುಕ್‌ನಲ್ಲಿ ಹೊರದೇಶದಿಂದ ಬಂತು ಅಂತ ಕಾಣಿಸದಿದ್ದರೆ, ನಿಮಗೆ ಗೊತ್ತಿದ್ದೂ ಪ್ರಯೋಜನ ಇಲ್ಲ.

ಮಗಳು ಕಳಿಸಿದ್ದರಲ್ಲಿ ಆಗಿರುವುದೂ ಅದೇ. ಆ್ಯಪ್‌ಗಳು ಅಲ್ಲಿ ದುಡ್ಡು ತೆಗೆದುಕೊಂಡು, ಇಲ್ಲಿಯ ತಮ್ಮ ಖಾತೆಯಿಂದ ನಿಮಗೆ ಹಾಕುತ್ತವೆ. ನಿಮ್ಮ ಬ್ಯಾಂಕಿಗೆ ಅದು ಪಕ್ಕದ ಬ್ಯಾಂಕಿನಿಂದ ಬಂದ ದುಡ್ಡು ಅಷ್ಟೇ. ಕೆಲವು ಆ್ಯಪ್‌ಗಳಲ್ಲಿ ಕಳಿಸುವ ಕಾರಣ ಕೇಳುವಾಗ ಥಾಯ್ಲೆಂಡ್‌ನಲ್ಲಿ ದೀರ್ಘಕಾಲ ವಾಸ ಅಂತ ಆರಿಸಿದರೆ ವಿದೇಶಿ ಕೋಡ್ ಬರುತ್ತದೆ. ಬ್ಯಾಂಕಿನ ಮುಖ್ಯ ಕಚೇರಿಯಿಂದ ಕ್ರೆಡಿಟ್ ಅಡ್ವೈಸ್, ಅಂದರೆ ದುಡ್ಡು ಎಲ್ಲಿಂದ ಬಂತು ಅನ್ನುವ ಪತ್ರ, ಕೇಳಿಯೂ ನೋಡಬಹುದು. ಆದರೆ ನಿಮಗೆ ಅಲ್ಲಿಗೇ ಮುಗಿಯುವುದಿಲ್ಲ ಸರ್. ಹಣ ಬಂದಿದ್ದು ಮಗಳ ಹೆಸರಿನಿಂದ. ನಿಮ್ಮ ಪೆನ್ಷನ್ ಪತ್ರಕ್ಕೂ ಅದಕ್ಕೂ ತಾಳೆ ಆಗುವುದಿಲ್ಲ. ಅದರ ಮೇಲೆ ಮಾರ್ಚ್ ಬೇರೆ ಕಡಿಮೆ.

ಹಾಗಾಗಿ ಈ ವರ್ಷ ಆದಾಯದ ದಾರಿ ಬಿಟ್ಟುಬಿಡಿ. ಎಫ್‌ಡಿ ಮುರಿದು 4 ಲಕ್ಷ ಬಾತ್ ತರಿಸಿ. ಅರ್ಜಿ ಕೊಡುವ ದಿನಕ್ಕೆ ಅದು ಪೂರ್ತಿ ಎರಡು ತಿಂಗಳು ಖಾತೆಯಲ್ಲಿ ಇದ್ದಿರಬೇಕು. ಖಾತೆ ನಿಮ್ಮೊಬ್ಬರ ಹೆಸರಲ್ಲೇ ಇರಲಿ, ಹೆಂಡತಿ ಜೊತೆಗಿನ ಜಂಟಿ ಖಾತೆ ಬೇಡ. ಮೇ ತಿಂಗಳ ಒಳಗೆ ದುಡ್ಡು ಬಂದುಬಿಟ್ಟರೆ ಆಗಸ್ಟ್ ಮೊದಲ ವಾರ ಆರಾಮವಾಗಿ ಅರ್ಜಿ ಕೊಡಬಹುದು.

ಪಿಂಗ್ ನದಿ ಅಕ್ಕ, ಮೇ 4

ಸರ್, ನಾನು ಚಿಯಾಂಗ್ ಮಾಯ್‌ನಲ್ಲಿದ್ದೇನೆ. ನನ್ನ ಯಜಮಾನರು ಥಾಯ್. ಗಂಡ ಥಾಯ್ ಆಗಿದ್ದರೆ ಹೊರಗಿನಿಂದ ಬಂದ ಹೆಂಡತಿ ದುಡ್ಡು ತೋರಿಸಬೇಕಾಗಿಲ್ಲ. ಹೆಂಡತಿ ಥಾಯ್ ಆದರೆ ಗಂಡ ತೋರಿಸಬೇಕು. ಹಾಗಾಗಿ ಆ ಲೆಕ್ಕದಲ್ಲಿ ನಾನು ಹೇಳುವಂಥದ್ದು ಇಲ್ಲ. ಉಳಿದ ಕಾಗದ ಎಲ್ಲ ಒಂದೇ.

ನಿಮ್ಮ ಬರಹ ಓದಿ ಒಂದೇ ಒಂದು ಮಾತು ಮನಸ್ಸಿಗೆ ಚುಚ್ಚಿತು. ಹೆಂಡತಿಗೆ ಹೇಳಿಲ್ಲ ಅಂದಿರಿ. ದಯವಿಟ್ಟು ಇವತ್ತೇ ಹೇಳಿ. ಈ ಅರ್ಜಿ ನಿಮ್ಮೊಬ್ಬರದಲ್ಲ. ಅವರು ನಿಮ್ಮ ಜೊತೆ ಬಂದು ಕೂರಬೇಕು. ಅವರ ಗುರುತಿನ ಚೀಟಿ, ನೀಲಿ ಥಾಬಿಯನ್ ಬಾನ್ (ಮನೆ ನೋಂದಣಿ ಪುಸ್ತಕ), ಪ್ರತಿಗಳ ಮೇಲೆ ಅವರ ಸಹಿ ಬೇಕು. ಆಂಫೋಗೆ (ತಾಲ್ಲೂಕು ಕಚೇರಿಯಂಥದ್ದು) ಹೋಗಿ ಕೋರ್ ರೋರ್ 2, ಅಂದರೆ ಮದುವೆ ನೋಂದಣಿಯ ದಾಖಲೆ, ಹೊಸದಾಗಿ ತೆಗೆಸಬೇಕು. ಅಲ್ಲಿ ನೀವು ಅರ್ಧ ಥಾಯ್‌ನಲ್ಲಿ ಪರದಾಡುವುದಕ್ಕಿಂತ ಅವರು ಎರಡು ಮಾತಲ್ಲಿ ಮುಗಿಸುತ್ತಾರೆ. ಬ್ಯಾಂಕಿನಲ್ಲೂ ಅಷ್ಟೇ.

ಫೋಟೋ ಸುಮ್ನೆ ಕೊನೇ ದಿನ ತೆಗೆಯಬೇಡಿ. ಮನೆ ಮುಂದೆ, ಮನೆ ನಂಬರ್ ಕಾಣುವ ಹಾಗೆ ಇಬ್ಬರೂ ನಿಂತಿದ್ದು ಒಂದು. ಒಳಗೆ ಕೂತಿದ್ದು, ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ. ನಮ್ಮ ಮನೆಗೆ ಒಂದು ಸಲ ಇಬ್ಬರು ಆಫೀಸರ್ ಬಂದಿದ್ದರು. ನಾನು ಭಯಪಟ್ಟಿದ್ದೆ. ಅವರು ನೀರು ಕುಡಿದು, ಪಕ್ಕದ ಮನೆಯ ಅಜ್ಜಿಯನ್ನು ಇವರು ಇಲ್ಲೇ ಇರುತ್ತಾರಾ ಅಂತ ಕೇಳಿ, ಹತ್ತು ನಿಮಿಷದಲ್ಲಿ ಹೊರಟರು. ಸಾಕ್ಷಿಗೆ ನಿಮ್ಮನ್ನು ದಿನಾ ನೋಡುವ ನೆರೆಯವರನ್ನೇ ಕರೆದುಕೊಂಡು ಹೋಗಿ. ಅತ್ತೆಗೆ ಕೋಣೆ ಕಟ್ಟಿಸಿದ್ದೀರಲ್ಲ, ಅದರ ಫೋಟೋದಲ್ಲಿ ಅವರೂ ಇರಲಿ. ಒಟ್ಟಿಗೆ ಬದುಕುತ್ತಿದ್ದೀರಿ ಅನ್ನುವುದಕ್ಕೆ ಅದಕ್ಕಿಂತ ಏನು ಬೇಕು ಅಲ್ವಾ?

ಅತ್ತೆ ಈಗ ಹೇಗಿದ್ದಾರೆ?

ಲೆಡ್ಜರ್ ಮಾವ, ಮೇ 4

ನಾನು ಊರಿನಲ್ಲಿ ಬ್ಯಾಂಕಿನಲ್ಲಿದ್ದವನು. ಈಗ ಹುವಾ ಹಿನ್‌ನಲ್ಲಿದ್ದೇನೆ. ದುಡ್ಡು ತರಿಸುವ ಭಾಗ ಮಾತ್ರ ಹೇಳುತ್ತೇನೆ.

ಎಫ್‌ಡಿ ಮುರಿದರೆ ಅದು ನಿಮ್ಮ ಎನ್‌ಆರ್‌ಓ ಖಾತೆಗೆ, ಅಂದರೆ ಹೊರದೇಶದಲ್ಲಿರುವವರು ಊರಿನ ದುಡ್ಡಿಗೆ ಇಟ್ಟುಕೊಳ್ಳುವ ಖಾತೆಗೆ, ಬರುತ್ತದೆ. ಅಲ್ಲಿಂದ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. ಮಿತಿ ನಿಮಗೆ ತೊಂದರೆಯೇ ಅಲ್ಲ. ಹೊತ್ತು ಹಿಡಿಯುವುದು ಕಾಗದ. ತೆರಿಗೆ ಬಗ್ಗೆ ನೀವು ಕೊಡುವ ಘೋಷಣೆ, ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಪ್ರಮಾಣಪತ್ರ, ಬ್ಯಾಂಕಿನ ಫಾರಂ. ಶಾಖೆಯಲ್ಲಿ ಒಂದು ಸಹಿ ಸರಿ ಇಲ್ಲ ಅಂದರೆ ಒಂದು ವಾರ ಹೋಯಿತು. ಆದ್ದರಿಂದ ನಾಳೆಯೇ ಶುರು ಮಾಡಿ.

4 ಲಕ್ಷಕ್ಕೆ ಸರಿಯಾಗಿ ಲೆಕ್ಕ ಹಾಕಬೇಡಿ. ರೂಪಾಯಿ ಡಾಲರ್ ಆಗಿ, ಡಾಲರ್ ಬಾತ್ ಆಗುವಾಗ ಎರಡು ಕಡೆ ಸವೆಯುತ್ತದೆ. ನಡುವಿನ ಬ್ಯಾಂಕೂ ಒಂದಿಷ್ಟು ಹಿಡಿಯುತ್ತದೆ. 4,20,000 ಬರುವ ಹಾಗೆ ಕಳಿಸಿ. 3,99,600 ಬಂದು ನಿಂತರೆ ಎರಡು ತಿಂಗಳ ಲೆಕ್ಕ ಶುರುವೇ ಆಗುವುದಿಲ್ಲ. ಇಲ್ಲಿಯ ಒಂದೂವರೆ ಲಕ್ಷ ಅದೇ ಖಾತೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಎಫ್‌ಡಿ ಪೂರ್ತಿ ಕರಗಿಸಬೇಕಾಗಿಲ್ಲ, ಎರಡೂವರೆ ಲಕ್ಷದ ಮೇಲೆ ಸ್ವಲ್ಪ ತರಿಸಿದರೂ ಸಾಕು. ಆದರೆ ಆಮೇಲೆ ಮನೆಖರ್ಚಿಗೆ ಆ ಖಾತೆ ಮುಟ್ಟಬೇಡಿ. ಬೇರೆ ಖಾತೆಯ ಎಟಿಎಂ ಕಾರ್ಡ್ ಇಟ್ಟುಕೊಳ್ಳಿ.

ಇನ್ನೊಂದು, ತೆರಿಗೆ. 2024ರ ಜನವರಿ 1ರಿಂದ, ವರ್ಷಕ್ಕೆ 180 ದಿನ ಇಲ್ಲಿರುವವರು ಹೊರಗೆ ಗಳಿಸಿದ್ದನ್ನು ಇಲ್ಲಿಗೆ ತಂದರೆ ಅದು ಥಾಯ್ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆ ದಿನಕ್ಕೆ ಮೊದಲೇ ಇದ್ದ ಉಳಿತಾಯ ಬರುವುದಿಲ್ಲ. ನಿಮ್ಮ ಎಫ್‌ಡಿ ಹಳೆಯದಾದರೆ 2023ರ ಡಿಸೆಂಬರ್ 31ಕ್ಕೆ ಎಷ್ಟಿತ್ತು ಅನ್ನುವ ಸ್ಟೇಟ್‌ಮೆಂಟ್ ಈಗಲೇ ತೆಗೆಸಿಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಕೇಳಿದರೆ ಶಾಖೆಯವರು ಹುಡುಕಾಡುತ್ತಾರೆ.

ಲೈಫ್ ಸರ್ಟಿಫಿಕೇಟ್‌ಗೆ ಬ್ಯಾಂಕಾಕ್‌ನ ನಮ್ಮ ರಾಯಭಾರ ಕಚೇರಿ ಇದೆ, ಸುಖುಮ್ವಿತ್ ಸೊಯ್ 23ರಲ್ಲಿ. ಆಧಾರ್ ಇದ್ದರೆ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮುಗಿಸಬಹುದು. ನನ್ನ ಗೋಡೆ ಕ್ಯಾಲೆಂಡರ್‌ನಲ್ಲಿ ನವೆಂಬರ್ 1ಕ್ಕೆ ಕೆಂಪು ಗುರುತು ಇರುತ್ತದೆ.

ತುಂಗಾತೀರದವ, ಮೇ 5

ಮೂವರಿಗೂ ಕೈಮುಗಿದು ನಮಸ್ಕಾರ. ಅಕ್ಕ, ನೀವು ಹೇಳಿದ ಹಾಗೆ ನಿನ್ನೆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಕೋಪ ಮಾಡಿಕೊಂಡಿದ್ದು ದುಡ್ಡಿಗಲ್ಲ, ಇಷ್ಟು ದಿನ ಹೇಳದೆ ಇದ್ದಿದ್ದಕ್ಕೆ. ಅತ್ತೆ ಈಗ ವಾಕರ್ ಹಿಡಿದು ಬಚ್ಚಲಿನ ತನಕ ನಡೆಯುತ್ತಾರೆ.

ಎಫ್‌ಡಿ ಬಗ್ಗೆ ಇನ್ನೂ ಅಳುಕು ಇದೆ. ಆ ದುಡ್ಡು ಇಲ್ಲಿ ಕಟ್ಟಿಹಾಕಿದ ಹಾಗೆ ಆಗುವುದಿಲ್ಲವಾ? ನಿವೃತ್ತಿ ಎಕ್ಸ್‌ಟೆನ್ಶನ್‌ನವರು ವರ್ಷಪೂರ್ತಿ ಇಡಬೇಕು ಅಂತ ಕೇಳಿದ್ದೇನೆ. ನಾಳೆ ನನಗೇ ಆಸ್ಪತ್ರೆ ಖರ್ಚು ಬಂದರೆ?

ನೊಂಥಬುರಿ ಕನ್ನಡಿಗ, ಮೇ 5

ಸರ್, ನೀವು ಕೇಳಿರುವುದು ನಿವೃತ್ತಿಯವರ ನಿಯಮ. ಅವರು ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು 8 ಲಕ್ಷ ಇಡಬೇಕು, ಉಳಿದ ಕಾಲ 4 ಲಕ್ಷಕ್ಕಿಂತ ಕೆಳಗೆ ಹೋಗಬಾರದು. ಮದುವೆಯದರಲ್ಲಿ ಆ ಕಟ್ಟು ಇಲ್ಲ. ಅರ್ಜಿಗೆ ಮೊದಲು ಎರಡು ತಿಂಗಳು ಇರಬೇಕು. ಆಮೇಲೆ ಒಂದೇ ಒಂದು ಎಚ್ಚರ. ನಮ್ಮ ಅರ್ಜಿ ಮೇಲಿನ ಕಚೇರಿಗೆ ಹೋಗಿ ಬರುತ್ತದೆ. ಮೊದಲ ದಿನ ಸಿಗುವುದು ಪರಿಶೀಲನೆಯಲ್ಲಿದೆ ಅನ್ನುವ ಮುದ್ರೆ. ಸುಮಾರು ಒಂದು ತಿಂಗಳು ಬಿಟ್ಟು ಪೂರ್ತಿ ವರ್ಷದ ಮುದ್ರೆ. ಆ ಎರಡನೇ ಮುದ್ರೆ ಬೀಳುವ ತನಕ ಖಾತೆ ಹಾಗೇ ಇರಲಿ. ಆಮೇಲೆ ದುಡ್ಡು ನಿಮ್ಮದು.

ನನಗನ್ನಿಸುವುದು ಬೇರೆಯೇ ಸರ್. ನಿಮ್ಮ ಕಾಯಿಲೆಯ ದುಡ್ಡು ಊರಿನಲ್ಲಿದೆ, ನೀವು ಇಲ್ಲಿದ್ದೀರಿ. ನಡುರಾತ್ರಿ ಎದೆ ನೋವು ಬಂದರೆ ಊರಿನ ಎಫ್‌ಡಿ ಮುರಿಯಲು ಯಾರು ಓಡುತ್ತಾರೆ? ಅತ್ತೆ ಬಿದ್ದಾಗ ಆಸ್ಪತ್ರೆಗೆ ಕಟ್ಟಿದ್ದು ಇಲ್ಲಿಯ ಖಾತೆಯಿಂದ ತಾನೆ?

ಮುಂದಿನ ವರ್ಷಕ್ಕೆ ಆದಾಯದ ದಾರಿಯೇ ಬೇಕು ಅಂದರೆ ಈ ಆಗಸ್ಟ್‌ನಿಂದ ಹೊಸದಾಗಿ ಶುರು ಮಾಡಿ. ರೂಪಾಯಿ ಲೆಕ್ಕದಲ್ಲಿ ಕಳಿಸಬೇಡಿ, ಬಾತ್ ಲೆಕ್ಕದಲ್ಲಿ ಕಳಿಸಿ. 43,000 ಬರುವ ಹಾಗೆ, ನಿಮ್ಮ ಖಾತೆಯಿಂದ ನಿಮ್ಮ ಖಾತೆಗೆ, ತಿಂಗಳ ಮೊದಲ ವಾರ. ಕೊನೇ ವಾರ ಕಳಿಸಿದರೆ ರಜೆ ಬಂದು ಮುಂದಿನ ತಿಂಗಳಿಗೆ ಜಾರಿತು ಅಂದರೆ ಒಂದು ತಿಂಗಳು ಖಾಲಿ, ಇನ್ನೊಂದರಲ್ಲಿ ಎರಡು. ನಿಮ್ಮ ಫೆಬ್ರವರಿಯ ಹಾಗೆಯೇ ಆಗುತ್ತದೆ.

ತುಂಗಾತೀರದವ, ಆಗಸ್ಟ್ 29

ಆಮೇಲೆ ಏನಾಯಿತು ಅಂತ ಬರೆಯದಿದ್ದರೆ ತಪ್ಪಾಗುತ್ತದೆ. ಇದೇ ಪೇಚಿನಲ್ಲಿ ಇನ್ಯಾರಾದರೂ ಇದ್ದರೆ ಉಪಯೋಗಕ್ಕೆ ಬರಲಿ.

ಎಫ್‌ಡಿ ಪೂರ್ತಿ ಮುರಿಯಬೇಕಾಯಿತು, ಅರ್ಧ ಮುರಿಯಲು ಶಾಖೆಯವರು ಒಪ್ಪಲಿಲ್ಲ. ಬೇಕಾದಷ್ಟು ಕಳಿಸಿ ಉಳಿದಿದ್ದನ್ನು ಮತ್ತೆ ಅಲ್ಲೇ ಇಟ್ಟೆ. ಚಾರ್ಟರ್ಡ್ ಅಕೌಂಟೆಂಟ್ ಕಾಗದಕ್ಕೆ ಆರು ದಿನ. ಒಂದು ಸಲ ಸಹಿ ತಾಳೆಯಾಗುವುದಿಲ್ಲ ಅಂತ ವಾಪಸ್ ಬಂತು. ಮೇ 22ಕ್ಕೆ ದುಡ್ಡು ಬಂತು. ಖಾತೆಯಲ್ಲಿ ಒಟ್ಟು 4,23,700 ಬಾತ್. ಅವತ್ತಿನಿಂದ ಹೆಂಡತಿ ಆ ಪಾಸ್‌ಬುಕ್ಕನ್ನು ಬುದ್ಧನ ಪಟದ ಹಿಂದೆ ಇಟ್ಟುಬಿಟ್ಟಳು.

ಜುಲೈ 24ಕ್ಕೆ ಇಮಿಗ್ರೇಶನ್ ಕಚೇರಿಗೆ ಹೋದೆವು. ಬೆಳಿಗ್ಗೆ ಮೊದಲು ಬ್ಯಾಂಕಿಗೆ. ಅವತ್ತಿನ ತಾರೀಖಿನ ಪತ್ರ ತೆಗೆದುಕೊಂಡು, ಪಾಸ್‌ಬುಕ್‌ನಲ್ಲಿ ಅವತ್ತೇ ಒಂದು ಸಾಲು ಬರಲಿ ಅಂತ 100 ಬಾತ್ ಕಟ್ಟಿದೆ. ಆಮೇಲೆ ಕಚೇರಿಯಲ್ಲಿ ಎಕ್ಸ್‌ಟೆನ್ಶನ್ ಅರ್ಜಿಯ ಟಿಎಂ 7 ಫಾರಂ, 1,900 ಬಾತ್ ಶುಲ್ಕ. ಸಾಕ್ಷಿಗೆ ಎದುರು ಮನೆಯ ಅಂಗಡಿಯಮ್ಮ ಬಂದಿದ್ದರು. ಅವರು ಅಂಗಡಿ ಮುಚ್ಚಿ ಬಂದಿದ್ದರು, ಅದನ್ನು ನಾನು ಮರೆಯುವುದಿಲ್ಲ. ಫೋಟೋ ನೋಡುತ್ತಾ ಆಫೀಸರ್ ಅತ್ತೆಯ ಕೋಣೆಯ ಚಿತ್ರದ ಹತ್ತಿರ ನಿಂತು, ಅಜ್ಜಿಗೆ ಎಷ್ಟು ವರ್ಷ ಅಂತ ಹೆಂಡತಿಯನ್ನು ಕೇಳಿದರು. ಇಬ್ಬರೂ ಸೊಂಟದ ಮೂಳೆಯ ಬಗ್ಗೆ ಎಷ್ಟೋ ಹೊತ್ತು ಮಾತಾಡಿದರು. ಆಗಸ್ಟ್ 27ಕ್ಕೆ ಬನ್ನಿ ಅಂತ ಮುದ್ರೆ ಹಾಕಿ ಕೊಟ್ಟರು.

ಮೊನ್ನೆ ಹೋಗಿ ಬಂದೆವು. ಮುಂದಿನ ಆಗಸ್ಟ್ 14ರ ತನಕ ಅನುಮತಿ ಸಿಕ್ಕಿತು.

ಈ ತಿಂಗಳ 5ಕ್ಕೆ ಪೆನ್ಷನ್‌ನ ಮೊದಲ ಕಂತು ಕಳಿಸಿದೆ. 43,160 ಬಾತ್ ಬಂದಿದೆ, ವಿದೇಶಿ ಕೋಡ್ ಇದೆ. ಮಗಳಿಗೂ ಹೇಳಿದ್ದೇನೆ, ಕಳಿಸುವುದಿದ್ದರೆ ಅಜ್ಜಿಯ ಔಷಧಿಗೆ ಇಲ್ಲಿಯ ಅಮ್ಮನ ಖಾತೆಗೆ ಹಾಕು, ನನ್ನದಕ್ಕೆ ಬೇಡ ಅಂತ. ಗೋಡೆಯ ಥಾಯ್ ಕ್ಯಾಲೆಂಡರ್‌ನಲ್ಲಿ ನವೆಂಬರ್ 1ಕ್ಕೆ ಹೆಂಡತಿ ಕೆಂಪು ಗುರುತು ಹಾಕಿದ್ದಾಳೆ.